ನೀಲಿ ಚೀಲ, ಬೀಜದ ಹುಣಸೆ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆಯಿದೆ. ಈ ಮನೆ ಕಟ್ಟುವಾಗ, ಇಟ್ಟಿಗೆಯ ಸಂದಿನ ಗಾರೆ ಇನ್ನೂ ಹಸಿಯಿದ್ದಾಗಲೇ, ನಾನು ಕೈಯಾರೆ ಕೂರಿಸಿದ ಮೊಳೆ. ಇವತ್ತಿಗೂ ಒಂದು ಕೂದಲೆಳೆಯಷ್ಟು ಅಲ್ಲಾಡಿಲ್ಲ. ಅದರಲ್ಲಿ ನೇತಾಡುವ ನೀಲಿ ಚೀಲಕ್ಕೆ ನನ್ನ ಸಂಸಾರದಷ್ಟೇ ವಯಸ್ಸು. ಮದುವೆಯ ಹೊಸತರಲ್ಲಿ ದರ್ಜಿಯೊಬ್ಬರ ಅಂಗಡಿಗೆ ನೆಲ ಹಾಕಿಕೊಟ್ಟಾಗ, ಪ್ಯಾಂಟಿನ ಬಟ್ಟೆಯಲ್ಲಿ ಮಿಕ್ಕ ತುಂಡುಗಳನ್ನೆಲ್ಲ ಕೂಡಿಸಿ ಅವರು ಪ್ರೀತಿಯಿಂದ ಹೊಲಿದುಕೊಟ್ಟದ್ದು. ಹಿಡಿಗಳನ್ನು ಮೂರು ಸಲ ಬದಲಾಯಿಸಿದ್ದೇನೆ, ತಳಕ್ಕೆ ಒಮ್ಮೆ ತೇಪೆ ಹಾಕಿಸಿದ್ದೇನೆ, ಆದರೂ ಇಪ್ಪತ್ತು ಕೆಜಿ ಹೊರುವ ತಾಕತ್ತು ಅದಕ್ಕೆ ಇನ್ನೂ ಇದೆ. ಅಂಗಡಿಗೆ ಹೊರಡುವ ಮೊದಲು ಅದನ್ನು ಹಿತ್ತಲಿಗೆ ಒಯ್ದು, ತಲೆಕೆಳಗು ಮಾಡಿ, ಒಗೆಯುವ ಕಲ್ಲಿನ ಮೇಲೆ ಎರಡು ಸಲ ಕೊಡವುವುದು ನಮ್ಮ ಮನೆಯ ಪದ್ಧತಿ. ಆಗ ಉದುರುವುದನ್ನು ನೋಡುವುದೇ ಒಂದು ಸುಖ. ಈರುಳ್ಳಿಯ ಸಿಪ್ಪೆ, ನಾಲ್ಕು ಕಾಳು ಸಾಸಿವೆ, ಒಣಗಿದ ಕರಿಬೇವಿನ ಎಲೆ, ಕಳೆದೇ ಹೋಯಿತೆಂದು ಡಬ್ಬಿಡಬ್ಬಿಯೆಲ್ಲ ಹುಡುಕಿಸಿದ ಒಂದು ಲವಂಗ. ಸಾಸಿವೆಯನ್ನು ನಾನು ಆಯ್ದು ಒಳಗೆ ಕೊಡುತ್ತೇನೆ. ನೀವು ನಗುತ್ತೀರಿ ಎಂದು ಗೊತ್ತು. ಆದರೆ ಗಾರೆ ಕೆಲಸದವನಾದ ನಾನು ಗೋಡೆಯಿಂದ ಬಿದ್ದ ಗಾರೆಯನ್ನೂ ಕರಣೆಯಲ್ಲಿ ಎತ್ತಿ ಗೋಡೆಗೇ ಮೆತ್ತುವವನು. ಬಿದ್ದದ್ದನ್ನು ತುಳಿದುಕೊಂಡು ಹೋಗುವುದು ನನ್ನ ಕೈಗೆ ಒಗ್ಗುವುದಿಲ್ಲ.

ಹುಟ್ಟಿದ್ದು ಹೆಡತಲೆ, ಬದುಕು ಕಟ್ಟಿದ್ದು ನಂಜನಗೂಡು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ. ಬಿಟ್ಟದ್ದು ಶಾಲೆಯನ್ನೇ ಹೊರತು ಓದನ್ನಲ್ಲ ಎಂದು ಸ್ವಲ್ಪ ಎದೆಯುಬ್ಬಿಸಿಯೇ ಹೇಳುತ್ತೇನೆ. ಆಗೆಲ್ಲ ಅಂಗಡಿಯವರು ಬೇಳೆ, ಸಕ್ಕರೆ, ಮೆಣಸನ್ನು ಹಳೆಯ ಪತ್ರಿಕೆಯ ಹಾಳೆಗಳಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಮನೆಗೆ ಬಂದು ದಾರ ಬಿಚ್ಚಿ, ಹಾಳೆಯನ್ನು ತೊಡೆಯ ಮೇಲೆ ಸವರಿ ನೆಟ್ಟಗೆ ಮಾಡಿ, ಮೊದಲಿಂದ ಕೊನೆಯ ತನಕ ಓದುತ್ತಿದ್ದೆ. ಅರ್ಧ ಕತೆ ಸಕ್ಕರೆಯ ಹಾಳೆಯಲ್ಲಿ ಸಿಕ್ಕರೆ ಉಳಿದರ್ಧ ಯಾರ ಮನೆಯ ಜೀರಿಗೆಯೊಡನೆ ಹೋಯಿತೋ. ಆ ಉಳಿದರ್ಧವನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ, ಹೇಗೂ ಕಟ್ಟುವುದೇ ಕಸುಬು. ಹೀಗೆ ದಿನಸಿ ಸಾಮಾನು ನನ್ನ ಹೊಟ್ಟೆಗಷ್ಟೇ ಅಲ್ಲ, ತಲೆಗೂ ಬಂದದ್ದು. ಆದುದರಿಂದಲೋ ಏನೋ, ಮನೆಗೆ ಸಾಮಾನು ತರುವುದು ನನಗೆ ಕೆಲಸವಾಗಿರಲಿಲ್ಲ, ಪದವಿಯಾಗಿತ್ತು.

ಆ ಪದವಿಯಲ್ಲಿ ನಾನು ಕಲಿತ ವಿದ್ಯೆಗಳು ಸಣ್ಣವಲ್ಲ. ರಾಗಿಮುದ್ದೆ ಉಂಡ ಮೇಲೆಯೇ ಪೇಟೆಗೆ ಹೋಗಬೇಕು. ಹಸಿದವನಿಗೆ ಕಂಡದ್ದೆಲ್ಲ ಬೇಕು ಅನಿಸುತ್ತದೆ. ಸೊಪ್ಪನ್ನು ಹೊತ್ತು ಇಳಿಯುವಾಗ ಕೊಳ್ಳಬೇಕು, ಆಗ ಮಾರುವವಳಿಗೂ ಬುಟ್ಟಿ ಬರಿದಾಗಿ ಮನೆಗೆ ಹೋದರೆ ಸಾಕಾಗಿರುತ್ತದೆ. ಬೆಲ್ಲ ಹೊಳೆಯುವ ಹಳದಿಯಾಗಿರಬಾರದು. ಮಂಕಾದ ಕಂದು ಅಚ್ಚು ಕಡಿಮೆಗೂ ಸಿಗುತ್ತದೆ, ಪಾಯಸದಲ್ಲಿ ಮಾತೂ ಆಡುತ್ತದೆ. ಬೇಳೆ ಒಡಕಾದರೇನು, ಬೇಗ ಬೆಂದು ಗ್ಯಾಸು ಉಳಿಸುತ್ತದೆ. ಬಟ್ಟೆ ಸೋಪನ್ನು ತಂದ ದಿನವೇ ನೀರಿಗೆ ತೋರಿಸದೆ ಅಟ್ಟದ ಮೇಲೆ ಒಂದು ತಿಂಗಳು ಒಣಗಿಸಿದರೆ ಅದು ಕಲ್ಲಿನ ಹಾಗಾಗಿ ನಿಧಾನಕ್ಕೆ ಕರಗುತ್ತದೆ. ಗೊನೆಯಿಂದ ಉದುರಿದ ಬಾಳೆಹಣ್ಣು ಚಿಪ್ಪಿನಲ್ಲಿರುವ ಹಣ್ಣಿಗಿಂತ ಅಗ್ಗ, ಬಾಯಿಗೆ ಹಾಕಿಕೊಂಡ ಮೇಲೆ ಚಿಪ್ಪು ಯಾರಿಗೆ ಕಾಣುತ್ತದೆ.

ಈಗ ಮೈಸೂರು ರಸ್ತೆಯ ಕಡೆ ತಣ್ಣಗಿನ, ಬೆಳ್ಳಗಿನ ದೊಡ್ಡ ಅಂಗಡಿಗಳಾಗಿವೆ. ಒಮ್ಮೆ ಹೋಗಿದ್ದೆ. ಬಾಗಿಲಲ್ಲೇ ಚಕ್ರದ ಗಾಡಿ ಕೊಟ್ಟರು. ನೀವೂ ತಳ್ಳಿರುತ್ತೀರಿ. ಅದರೊಳಗೆ ಎರಡು ಕೆಜಿ ಸಕ್ಕರೆ ಇಟ್ಟರೆ ಬಯಲಲ್ಲಿ ಕೂತ ಕೋಳಿಮರಿಯಂತೆ ಕಾಣುತ್ತದೆ. ಪಾಪ, ಒಂಟಿಯಾಯಿತಲ್ಲ ಎಂದು ಅದಕ್ಕೆ ಜೊತೆಯಾಗಿ ಇನ್ನೇನೋ, ಅದಕ್ಕೆ ಜೊತೆಯಾಗಿ ಮತ್ತೊಂದು. ಗಾಡಿಗೆ ಭಾರ ಗೊತ್ತಾಗುವುದಿಲ್ಲ, ತಳ್ಳುವವನಿಗೂ ಗೊತ್ತಾಗುವುದಿಲ್ಲ. ನನ್ನ ಚೀಲದ ಗುಣ ಹಾಗಲ್ಲ. ಹಿಡಿಗಳು ಬೆರಳನ್ನು ಒತ್ತತೊಡಗಿ, ಹೆಗಲು ಒಂದು ಕಡೆಗೆ ವಾಲಿದಾಗ ಅದು ತಾನಾಗಿಯೇ ಹೇಳುತ್ತದೆ, ಇನ್ನು ಸಾಕು ಮನೆಗೆ ನಡಿ ಎಂದು. ಇಷ್ಟು ಸಾಕೆಂದು ಹೇಳುವ ವಸ್ತುವನ್ನು ನಾನು ಬೇರೆ ಯಾವ ಅಂಗಡಿಯಲ್ಲೂ ಕಂಡಿಲ್ಲ.

ಇಂಥ ಸಿಂಹಾಸನದ ಮೇಲೆ ಕೂತಿದ್ದವನನ್ನು ಇಳಿಸಿದ್ದು ಒಂದು ಬಸ್ಸು.

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ ಎಂದಾಯಿತಲ್ಲ, ಆಗ ನನ್ನ ಹೆಂಡತಿ ಜಯಮ್ಮ ಒಂದು ಬೆಳಿಗ್ಗೆ ಬೀದಿಯ ಇಬ್ಬರು ಮೂವರನ್ನು ಕೂಡಿಕೊಂಡು ಟಿ. ನರಸೀಪುರದ ಸಂತೆಗೆ ಹೋಗಿಬಂದಳು. ಅವಳ ತವರು ಆ ಕಡೆಯದು. ಅಲ್ಲಿ ಯಾರ ಹೊಲದ ಹೆಸರುಕಾಳು ಹುಳುವಿಲ್ಲದ್ದು, ಯಾರ ತೆಂಗಿನಕಾಯಿಯಲ್ಲಿ ತಿರುಳು ದಪ್ಪ ಎಂಬುದು ಅವಳಿಗೆ ಬಾಲ್ಯದಿಂದ ಬಾಯಿಪಾಠ. ಕಂಡಕ್ಟರು ಕೊಟ್ಟ ಸೊನ್ನೆಯ ಟಿಕೆಟ್ಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದು, ಗಂಟು ಬಿಚ್ಚಿ ನನ್ನ ಮುಂದಿಟ್ಟಳು. ಯಾವುದಕ್ಕೆ ಸೊನ್ನೆ ಕೂಡಿದರೂ ಏನೂ ಹೆಚ್ಚುವುದಿಲ್ಲ ಎಂದು ನಮ್ಮ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ಆದರೆ ಆ ಸೊನ್ನೆಯ ಹಿಂದೆಯೇ ಜಗಲಿಯ ಮೇಲೆ ಕಡಲೆಕಾಯಿ, ಹೆಸರುಕಾಳು, ಬೆಲ್ಲ, ತೆಂಗಿನಕಾಯಿ ಎಲ್ಲ ಸಾಲಾಗಿ ಬಂದು ಕೂತವು. ನಾನು ತಂದಿದ್ದ ಬೆಲ್ಲದ ಪಕ್ಕದಲ್ಲೇ ತನ್ನ ಬೆಲ್ಲವನ್ನಿಟ್ಟು ಅವಳು ಒಂದು ಮಾತೂ ಆಡದೆ ಕಾಫಿ ಕಾಯಿಸಲು ಹೋದಳು. ಎರಡನ್ನೂ ಚಿವುಟಿ ತಿಂದು ನೋಡಿದೆ. ಆಡದ ಆ ಮಾತು ಸರಿಯಾಗಿಯೇ ಇತ್ತು.

ಅಲ್ಲಿಂದಾಚೆಗೆ ನೀಲಿ ಚೀಲ ವಾರಕ್ಕೊಮ್ಮೆ ನರಸೀಪುರಕ್ಕೆ ಹೊರಟಿತು. ನಾನು ಹಿತ್ತಲ ಕಲ್ಲಿನ ಹತ್ತಿರ ಹೋಗಿ ನೋಡಿದರೆ ಸಿಪ್ಪೆ, ಸಾಸಿವೆ ಆಗಲೇ ಉದುರಿರುತ್ತಿದ್ದವು. ಕೊಡವುವ ಕೆಲಸವೂ ಕೈತಪ್ಪಿತ್ತು. ನೋಡಿ, ನಮ್ಮೂರಿನ ಕಪಿಲೆ ಕೂಡ ನರಸೀಪುರಕ್ಕೇ ಹೋಗಿ ಕಾವೇರಿಯನ್ನು ಸೇರುವುದು; ಅವಳೂ ಹೆಣ್ಣು, ಅವಳಿಗೂ ಟಿಕೆಟ್ಟಿಲ್ಲ. ಟಿಕೆಟ್ಟಿರುವುದು ನನ್ನೊಬ್ಬನಿಗೆ. ನಾನು ಹೋಗಿ ಅಗ್ಗಕ್ಕೆ ಕೊಂಡರೂ ಹೋಗಿಬರುವ ಬಸ್ಸಿನ ಖರ್ಚು ಆ ಅಗ್ಗವನ್ನೆಲ್ಲ ನುಂಗುತ್ತದೆ. ಇದು ಲೆಕ್ಕ, ಇದರ ಮುಂದೆ ಯಾರ ಮೀಸೆಯೂ ನಡೆಯುವುದಿಲ್ಲ. ನನ್ನ ಕೈ ಮಾತ್ರ ಸುಮ್ಮನೆ ಮೀಸೆ ತಿರುವುತ್ತಲೇ ಇತ್ತು.

ನಮ್ಮ ಎದುರು ಮನೆಯ ಗೌರಮ್ಮನ ನಾಲಿಗೆಗೆ ಸಾಣೆ ಬೇಕಿಲ್ಲ. ಒಂದು ಸಂಜೆ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದೆ. ಜಯಮ್ಮನ ಜೊತೆ ಜಗಲಿಯ ಮೇಲೆ ಕೂತು ಅವರೆಕಾಳು ಹಿಚುಕುತ್ತಿದ್ದವಳು ಕೇಳಿದಳು:

"ಏನ್ ಮೇಸ್ತ್ರಣ್ಣ, ಚೀಲ ಕೊಟ್ಬುಟ್ಟು ಕೈ ಬೀಸ್ಕೊಂಡು ಬತ್ತಾ ಇದ್ದೀಯ. ರಿಟೇರಾಯ್ತಾ?"

"ರಿಟೇರಾಗಕ್ಕೆ ನಾನೇನು ಸರ್ಕಾರಿ ನೌಕ್ರನಾ. ಗಂಡಸ್ರು ಮಾಡೋ ಯಾಪಾರನೇ ಬೇರೆ ಕಣವ್ವ."

"ಅದೇನು ಬೇರೆ, ನಮಗೂ ಒಸಿ ತೋರ್ಸು. ವರ್ಸದ ಹುಣ್ಸೆಹಣ್ಣು ತರೋದದೆ. ನಮ್ ನಾಲ್ಕೂ ಮನೇದು ನೀನೇ ತಂದ್ಬುಡು."

ವರ್ಷದ ಹುಣಸೆಯೆಂದರೆ ಸಾಮಾನ್ಯವಲ್ಲ. ಬೇಸಿಗೆಯಲ್ಲಿ ಒಂದೇ ಸಲ ಕೊಂಡು, ಉಪ್ಪು ಬೆರೆಸಿ ಜಾಡಿಗೆ ಒತ್ತಿಟ್ಟರೆ ಮುಂದಿನ ಬೇಸಿಗೆಯ ತನಕ ಸಾರು, ಗೊಜ್ಜು, ಪುಳಿಯೋಗರೆ ಎಲ್ಲವೂ ಅದರಿಂದಲೇ. ಅದರಲ್ಲಿ ಕೆಟ್ಟರೆ ವರ್ಷವಿಡೀ ನಾಲಿಗೆ ನೆನಪಿಸುತ್ತದೆ.

"ತತ್ತೀನಿ. ನೀವು ತರೋ ರೇಟಿಗಿಂತ ಕಮ್ಮಿಗೆ ತಂದ್ರೆ?" ಎಂದೆ.

ಜಯಮ್ಮ ತಲೆಯೆತ್ತಲಿಲ್ಲ. ಕಾಳು ಹಿಚುಕುತ್ತಲೇ ಹೇಳಿದಳು, "ಕಮ್ಮಿಗೆ ತಂದ್ರೆ ಚೀಲ ನಿಮ್ದು. ಇನ್ ನಾನು ಮುಟ್ಟಕಿಲ್ಲ."

"ತರ್ದೆ ಓದ್ರೆ?"

"ಅದ ನಾನ್ಯಾಕೆ ಏಳ್ಳಿ," ಎಂದಳು.

ಸಂತೆಯ ದಿನ ಚೀಲದೊಳಗೆ ಖಾಲಿ ಗೋಣಿಯೊಂದನ್ನು ಮಡಿಸಿಟ್ಟುಕೊಂಡು ಹೊರಟೆ. ಬಸ್ಸಿನಲ್ಲಿ ಹೆಂಗಸರೆಲ್ಲ ಕೂತಿದ್ದರು. ಇದ್ದ ನಾಲ್ಕಾರು ಗಂಡಸರು ಕಂಬಿ ಹಿಡಿದು ನಿಂತು, ದುಡ್ಡು ಕೊಟ್ಟು ತೂಗಾಡುತ್ತಿದ್ದೆವು. ನರಸೀಪುರದಲ್ಲಿ ಇಳಿದು ಹುಣಸೆಯ ರಾಶಿಗಳ ನಡುವೆ ಎರಡು ಸುತ್ತು ಸುಮ್ಮನೆ ನಡೆದೆ. ಮೊದಲ ಎರಡು ಸುತ್ತಿನಲ್ಲಿ ಬಾಯಿ ಬಿಡಬಾರದು ಎಂಬುದು ನನ್ನ ಹಳೆಯ ನಿಯಮ. ಮೂರನೆಯ ಸುತ್ತಿನಲ್ಲಿ, ಮರದ ಬುಡದಲ್ಲಿ ಕೂತಿದ್ದ ಮುದುಕಪ್ಪನೊಬ್ಬನನ್ನು ಬೆಲೆ ಕೇಳಿದೆ. ಉಳಿದವರು ಕೂಗುತ್ತಿದ್ದುದಕ್ಕಿಂತ ಎಷ್ಟೋ ಕೆಳಗಿತ್ತು. ಹಿಗ್ಗನ್ನು ಮುಖದಲ್ಲಿ ತೋರಿಸದೆ ಕೇಳಿದೆ:

"ಸಿಪ್ಪೆ ಎಲ್ಲಾ ತೆಗ್ದದೆ ತಾನೆ?"

"ತೆಗ್ದದೆ ಸಾ. ನಾರೂ ತೆಗ್ದದೆ. ನೋಡ್ಕೊಳಿ."

ನೋಡಿಕೊಂಡೆ. ಏನೇನು ನೋಡಿದೆ ಕೇಳಿ. ತಕ್ಕಡಿಯ ಮುಳ್ಳು ನೆಟ್ಟಗಿದೆಯೇ ಎಂದು, ಗೋಡೆಗೆ ತೂಕದ ಗುಂಡು ಇಳಿಬಿಟ್ಟವನಂತೆ ಒಂದು ಕಣ್ಣು ಮುಚ್ಚಿ ನೋಡಿದೆ. ತೂಕದ ಕಲ್ಲುಗಳ ತಳವನ್ನು ಕೊರೆದಿದ್ದಾನೆಯೇ ಎಂದು ತಿರುಗಿಸಿ ನೋಡಿದೆ. ಹಣ್ಣಿಗೆ ನೀರು ಚಿಮುಕಿಸಿದ್ದಾನೆಯೇ ಎಂದು ಅಂಗೈಗೆ ಒತ್ತಿ ನೋಡಿದೆ. ಬಣ್ಣ ನೋಡಿದೆ, ಮೂಸಿ ನೋಡಿದೆ. ಮತ್ತೆ ಚೌಕಾಸಿ ಮಾಡಿ ಇನ್ನೊಂದಿಷ್ಟು ಇಳಿಸಿದೆ. ತೂಕ ಮುಗಿದ ಮೇಲೆ "ಕೊಸ್ರು ಆಕಯ್ಯ" ಅಂದೆ. ಅವನು ನಗುತ್ತಾ ಎರಡೂ ಕೈ ತುಂಬ ಎತ್ತಿ ಹಾಕಿದ. ಕೊಸರು ಎಂಬುದು ಎಷ್ಟು ಸೊಗಸಾದ ಪದ್ಧತಿ ನೋಡಿ. ತಕ್ಕಡಿ ತನ್ನ ನ್ಯಾಯ ಹೇಳಿ ಮುಗಿಸಿದ ಮೇಲೆ ಮನುಷ್ಯನ ಕೈ ತನ್ನದೊಂದು ಮಾತನ್ನು ಸೇರಿಸುತ್ತದೆ. ಗಾಜಿನ ಬಾಗಿಲಿನ ಯಾವ ಅಂಗಡಿಯ ಯಂತ್ರಕ್ಕೂ ಆ ಮಾತು ಬರುವುದಿಲ್ಲ. ಗೋಣಿಯನ್ನು ಬಸ್ಸಿನ ಮೇಲೆ ಹಾಕಿಸಿ, ನೀಲಿ ಚೀಲವನ್ನು ಎದೆಗೆ ಅವುಚಿಕೊಂಡು, ದಾರಿಯುದ್ದಕ್ಕೂ ಒಬ್ಬನೇ ನಗುತ್ತಾ ಬಂದೆ.

ಜಗಲಿಯ ಮೇಲೆ ನಾಲ್ಕು ಮನೆಯ ಹೆಂಗಸರೂ ಮೊರ, ತಟ್ಟೆ ಹಿಡಿದು ಕಾಯುತ್ತಿದ್ದರು. ಗೋಣಿಯ ಬಾಯಿ ಬಿಚ್ಚಿ, ಬೆಲೆ ಹೇಳಿ, ಕಂಬಕ್ಕೆ ಒರಗಿ ನಿಂತೆ. ಗೌರಮ್ಮ ಒಂದು ಹಣ್ಣನ್ನು ಎತ್ತಿ ಎರಡು ಬೆರಳಲ್ಲಿ ಹಿಸುಕಿದಳು. ಇನ್ನೊಂದನ್ನು ಎತ್ತಿ ಹಿಸುಕಿದಳು. ಆಮೇಲೆ ಬಹಳ ಮೃದುವಾಗಿ, ಕಾಯಿಲೆಯವನನ್ನು ವಿಚಾರಿಸುವ ದನಿಯಲ್ಲಿ ಕೇಳಿದಳು:

"ಮೇಸ್ತ್ರಣ್ಣ, ಇದ್ರೊಳಗೆ ಬೀಜ ಅದಲ್ಲ?"

ಬೀಜ ಇತ್ತು. ಪ್ರತಿಯೊಂದು ಹಣ್ಣಿನಲ್ಲೂ, ಸಾಲುಸಾಲಾಗಿ, ಕಪ್ಪಗೆ ಹೊಳೆಯುತ್ತಾ ಇತ್ತು. ಜಯಮ್ಮನೂ ಗೌರಮ್ಮನೂ ವರ್ಷವರ್ಷವೂ ಬಾಗಿಲಿಗೆ ಬಂದವರಿಂದ ತಾವೇ ಕೊಳ್ಳುತ್ತಿದ್ದುದು ಬೀಜ ಬಿಡಿಸಿದ ಹಣ್ಣು. ಜಾಡಿಯಿಂದ ಚಮಚದಲ್ಲಿ ಎತ್ತಿದ್ದನ್ನಷ್ಟೇ ಕಂಡಿದ್ದ ನನಗೆ ಹುಣಸೆಗೆ ಬೀಜವಿರುವುದು ಮರದ ಮೇಲೆ ಮಾತ್ರ ನೆನಪಿತ್ತು. ಮುದುಕಪ್ಪ ಸುಳ್ಳು ಹೇಳಿರಲಿಲ್ಲ. ಸಿಪ್ಪೆ ಕೇಳಿದೆ, ಸಿಪ್ಪೆ ತೆಗೆದಿದೆ ಎಂದ. ಬೀಜ ನಾನು ಕೇಳಲೇ ಇಲ್ಲ. ಮಟ್ಟ ನೋಡಿದೆ, ತೂಕ ನೋಡಿದೆ, ತೂಗುತ್ತಿರುವುದು ಏನೆಂದು ನೋಡಲಿಲ್ಲ. ಬೀಜ ತೆಗೆದು ಉಳಿಯುವ ಹಣ್ಣನ್ನು, ನನ್ನ ಬಸ್ಸಿನ ಖರ್ಚನ್ನು ಮನಸ್ಸಿನಲ್ಲೇ ಜೋಡಿಸಿದೆ. ಅಂಗಡಿಯಲ್ಲಿ ಬಿಡಿಸಿದ ಹಣ್ಣನ್ನೇ ತಂದಿದ್ದರೂ ಇದಕ್ಕಿಂತ ಅಗ್ಗವಾಗುತ್ತಿತ್ತು. ಕೊಸರು ಎಂದು ಕೇಳಿ ಪಡೆದ ಬೊಗಸೆಯಲ್ಲೂ ಬೀಜವೇ.

ಯಾರೋ ಕಿಸಕ್ಕೆಂದರು. ಗೌರಮ್ಮ ಬಾಯಿ ತೆರೆಯುವಷ್ಟರಲ್ಲಿ ಜಯಮ್ಮ, ಮೊರವನ್ನು ಮುಂದಕ್ಕೆ ಎಳೆದುಕೊಳ್ಳುತ್ತಾ, ಏನೂ ಆಗದವಳಂತೆ ಹೇಳಿದಳು:

"ನಾನೇ ಏಳಿದ್ದೆ ಕಣಕ್ಕ, ಬೀಜದ್ದೇ ತನ್ನಿ ಅಂತ. ಬಿಡಿಸಿರೋದ್ರಲ್ಲಿ ಏನೇನ್ ಕಲ್ಸಿರ್ತಾರೋ. ನಾವೇ ಬಿಡಿಸ್ಕೊಂಡ್ರೆ ಚೊಕ್ಕಟವಾಗಿರ್ತದೆ."

ಅವಳು ನನಗೆ ಹಾಗೆ ಹೇಳಿರಲಿಲ್ಲ. ಹುಣಸೆಯ ವಿಷಯ ಒಂದು ಅಕ್ಷರವನ್ನೂ ಹೇಳಿರಲಿಲ್ಲ. ಚೀಲ ಅವಳದಾಗಲು ಸುಮ್ಮನಿದ್ದರೆ ಸಾಕಿತ್ತು. ಆದರೂ ಗೆದ್ದ ಪಂದ್ಯವನ್ನು ಬಿಟ್ಟುಕೊಟ್ಟು, ನಾಲ್ಕು ಜನರೆದುರು ನನ್ನ ಮುಖ ಉಳಿಸಿದಳು. ಅದುವರೆಗೆ ಉಳಿತಾಯವೆಂದರೆ ನನಗೆ ಬೆಲ್ಲ, ಬೇಳೆ, ಸೋಪು. ಮನೆಯಲ್ಲಿ ಉಳಿಸಬೇಕಾದದ್ದು ಇನ್ನೂ ಏನೇನಿದೆ, ಅದನ್ನು ಇವಳು ಎಷ್ಟು ವರ್ಷದಿಂದ ಸದ್ದಿಲ್ಲದೆ ಉಳಿಸಿಕೊಂಡು ಬಂದಿದ್ದಾಳೆ ಎಂದು ಆ ಕಂಬಕ್ಕೆ ಒರಗಿದ್ದಾಗ ಹೊಳೆಯಿತು.

ಗೆಳೆಯರೇ, ನಾನು ಅಭಿಮಾನದ ಮನುಷ್ಯ. ನನ್ನ ಗೋಡೆ ಒಂದು ನೂಲಿನಷ್ಟು ವಾಲಿದರೆ, ಮಾಲೀಕರ ಕಣ್ಣಿಗೆ ಬೀಳದಿದ್ದರೂ, ನಾನೇ ಕೆಡವಿ ಮತ್ತೆ ಕಟ್ಟುತ್ತೇನೆ. ಹಾಗಿದ್ದ ಮೇಲೆ ಅವಳ ಸುಳ್ಳಿನ ಗಿಲಾವಿನ ಹಿಂದೆ ನನ್ನ ಸೊಟ್ಟ ಗೋಡೆಯನ್ನು ಮುಚ್ಚಿಡುವುದು ಹೇಗೆ.

"ಅವ್ಳು ಏಳಿರ್ನಿಲ್ಲ ಗೌರಮ್ಮ," ಎಂದೆ. "ನಾನೇ ನೋಡ್ನಿಲ್ಲ. ತಪ್ಪು ನಂದೇ."

ಹೇಳಿ, ಹೆಗಲ ಮೇಲಿದ್ದ ನೀಲಿ ಚೀಲವನ್ನು ತೆಗೆದು ಜಯಮ್ಮನ ತೊಡೆಯ ಮೇಲಿಟ್ಟೆ. ಅವಳು ಚೀಲವನ್ನೂ ನೋಡಿದಳು, ನನ್ನನ್ನೂ ನೋಡಿದಳು. ಗೌರಮ್ಮನ ನಾಲಿಗೆಯ ಮೇಲೆ ಏನಿತ್ತೋ, ಅದನ್ನು ಅವಳು ನುಂಗಿಕೊಂಡು, "ಸುತ್ಗೆ ಕೊಡಣ್ಣ ಮೊದ್ಲು, ಮಾತು ಆಮೇಲಾಯ್ತದೆ" ಎಂದಳು.

ಮೂರು ಮಧ್ಯಾಹ್ನ ಜಗಲಿಯ ತುಂಬ ಟಕಟಕ ಸದ್ದು. ಒಂದು ದಿನ ಕೆಲಸಕ್ಕೆ ರಜೆ ಹಾಕಿ ನಾನೂ ಕೂತೆ. ಇಟ್ಟಿಗೆಯನ್ನು ಅಳತೆಗೆ ಒಡೆಯುವ ಕೈಗೆ ಹುಣಸೆಯ ಬೀಜ ಬಿಡಿಸುವುದು ಬೇಗ ಒಲಿಯಿತು. "ಪರವಾಗಿಲ್ಲ, ಈ ಕೆಲ್ಸಕ್ಕಾದ್ರೂ ಕೂಲಿ ಸಿಕ್ತದೆ ನಿನಗೆ" ಎಂದಳು ಗೌರಮ್ಮ. ಹಣ್ಣು ನಾಲ್ಕು ಜಾಡಿಗಳನ್ನು ಸೇರಿತು, ಕುತ್ತಿಗೆಯ ತನಕ ಬರಲಿಲ್ಲ ಅಷ್ಟೆ. ಮೂಲೆಯಲ್ಲಿ ಬೀಜದ ಗುಡ್ಡೆ ಹಣ್ಣಿಗೆ ಸಮನಾಗಿ ಕೂತಿತ್ತು. ಅದನ್ನು ಎಸೆಯಲು ಎದ್ದವನನ್ನು ಜಯಮ್ಮ ತಡೆದು, ಒಳ್ಳೆಯ ದುಂಡು ಬೀಜಗಳನ್ನು ನಾಲ್ಕು ನಾಲ್ಕಾಗಿ ಆರಿಸಿದಳು. ಚೌಕಾಬಾರಕ್ಕೆ ದಾಳ ಮಾಡಬೇಕಂತೆ. ಒಂದು ಮಗ್ಗುಲು ಬೆಳ್ಳಗಾಗುವ ತನಕ ಬೀಜವನ್ನು ನೆಲಕ್ಕೆ ಉಜ್ಜಬೇಕು. ಎಲ್ಲರೂ ನಮ್ಮ ಜಗಲಿಗೆ ಉಜ್ಜಿದರು, ಉಜ್ಜಿದರು, ಬೀಜ ಸವೆಯಲಿಲ್ಲ.

"ಇದೇನ್ ನೆಲನೋ ಕನ್ನಡಿಯೋ," ಎಂದು ಗೌರಮ್ಮ ಬೈದಳು.

ಆ ಜಗಲಿಗೆ ಗಾರೆ ಹಾಕಿ ನಯ ಮಾಡಿದ್ದು ನಾನು. ಮೂರು ದಿನಗಳಲ್ಲಿ ನನಗೆ ಸಿಕ್ಕಿದ ಮೊದಲ ಹೊಗಳಿಕೆ ಅದು. ಬೈಗುಳದ ರೂಪದಲ್ಲಿ ಬಂದರೂ ಎರಡು ಕೈಯಲ್ಲಿ ಸ್ವೀಕರಿಸಿದೆ. ಕೊನೆಗೆ ಒಗೆಯುವ ಕಲ್ಲಿನ ಮೇಲೆ ಉಜ್ಜಿದೆವು. ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆ ಬರೆದು ಆಡಲು ಕೂತೆವು. ಜಯಮ್ಮ ಎರಡು ಸಲ ನನ್ನ ಕಾಯಿಯನ್ನು ಹೊಡೆದು ಮನೆಗೆ ಕಳಿಸಿದಳು, ಅದಕ್ಕೆ ಯಾವ ಕರುಣೆಯನ್ನೂ ತೋರಿಸಲಿಲ್ಲ.

ಈಗ ನೀಲಿ ಚೀಲ ಜಯಮ್ಮನದು. ಗಾರೆ ಕೆಲಸವಿರುವ ವಾರ ಅವಳು ತನ್ನ ಬಳಗದೊಡನೆ ಹೋಗುತ್ತಾಳೆ. ಕೆಲಸವಿಲ್ಲದ ವಾರ ನಾನೂ ಹೋಗುತ್ತೇನೆ. ಅಗತ್ಯವೇನೂ ಇಲ್ಲ. ಕೊಳ್ಳುವವಳು ಅವಳು, ಚೌಕಾಸಿ ಅವಳದು, ಕೊಸರು ಕೂಡ ಅವಳಿಗೆ ಕೇಳದೆಯೇ ಸಿಗುತ್ತದೆ. ನಾನು ಕಂಬಿ ಹಿಡಿದು ನಿಂತಿರುತ್ತೇನೆ. ಅವಳು ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ಚೀಲವಿಟ್ಟುಕೊಂಡು, ಹೊರಗಿನ ಗದ್ದೆಗಳನ್ನು ನೋಡುತ್ತಾ ತವರಿಗೆ ಹೊರಟ ಹುಡುಗಿಯಂತಿರುತ್ತಾಳೆ. ಅವಳ ಟಿಕೆಟ್ಟಿನ ಮೇಲೆ ಸೊನ್ನೆ, ನನ್ನದರ ಮೇಲೆ ಬೆಲೆ. ಉದುರಿದ ಸಾಸಿವೆಯನ್ನು ಆಯುವವನ ಜೀವನದಲ್ಲಿ ಇದೊಂದು ದುಂದುವೆಚ್ಚ. ಇದನ್ನು ಕಡಿಮೆ ಮಾಡುವ ಉಪಾಯ ನನಗೆ ಗೊತ್ತಿದೆ, ಮಾಡುವ ಮನಸ್ಸಿಲ್ಲ.

ಹೋದ ವಾರ ಅವಳು ಹಿತ್ತಲಲ್ಲಿ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಈರುಳ್ಳಿಯ ಸಿಪ್ಪೆ ಉದುರಿತು, ಸಾಸಿವೆ ಉದುರಿತು, ಒಂದು ಮಗ್ಗುಲು ಬೆಳ್ಳಗಾದ ಹುಣಸೆಬೀಜ ಉರುಳಿತು. ಆಮೇಲೆ ಮಡಿಸಿದ ಟಿಕೆಟ್ಟುಗಳು, ಜೋಡಿ ಜೋಡಿಯಾಗಿ, ಒಂದು ಅವಳದು, ಒಂದು ನನ್ನದು. ನನ್ನವನ್ನೆಲ್ಲ ಆರಿಸಿ ಅಂಗೈಯಲ್ಲಿ ಹರಡಿಕೊಂಡು ಅವಳು ತಲೆಯಾಡಿಸಿದಳು.

"ನೋಡ್ರೀ, ಈ ದುಡ್ಡಿಗೆ ವರ್ಸದ ಹುಣ್ಸೆಹಣ್ಣು ಬತ್ತಿತ್ತು."

"ಬೀಜ ಬಿಡಿಸಿರೋದೋ, ಬಿಡಿಸ್ದೆ ಇರೋದೋ?" ಎಂದು ಕೇಳಿದೆ.

ಅವಳು ನಕ್ಕ ನಗುವಿಗೆ ಎದುರು ಮನೆಯಿಂದ ಗೌರಮ್ಮ ಇಣುಕಿ ನೋಡಿದಳು. ನಗು ನಿಂತ ಮೇಲೆ ಜಯಮ್ಮ ಟಿಕೆಟ್ಟುಗಳನ್ನು ಎಸೆಯದೆ ಮತ್ತೆ ಚೀಲದ ತಳಕ್ಕೇ ಹಾಕಿದಳು. ಚೀಲವನ್ನು ನನ್ನ ಹೆಗಲಿಗೆ ಏರಿಸಿ, "ನಡೀರಿ, ಬಸ್ಸು ಓಯ್ತದೆ" ಎಂದಳು. ನಾನು ಬಗ್ಗಿ, ಕಲ್ಲಿನ ಮೇಲಿದ್ದ ನಾಲ್ಕು ಕಾಳು ಸಾಸಿವೆಯನ್ನು ಆಯ್ದು ಜೇಬಿಗೆ ಹಾಕಿಕೊಂಡು ಅವಳ ಹಿಂದೆ ಹೊರಟೆ.